ಅರ್ಧ ಗೆಣಸು

ತೆಕಿನಾಪಿನಿಂದ ಬಿಲಾಮಿಗೆ
ಪಪುವಾದ ನಕ್ಷೆಯಲ್ಲಿ ಇಪ್ಪತ್ತೊಂದು ಕಿಲೋಮೀಟರ್.
ನನ್ನ ದಾಖಲೆ ಪುಸ್ತಕದಲ್ಲಿ ಒಂಬತ್ತು ನಿಮಿಷ,
ಮೋಡ ಬಿಟ್ಟರೆ.

ಕಾಫಿ ಮೂಟೆ ತೂಗುವ ತಕ್ಕಡಿಯ ಮೇಲೆ
ಯೆನಾಬಿ ಅಜ್ಜಿ ನಿಂತಳು, ಬರಿಗಾಲಲ್ಲಿ:
ಮೂವತ್ತೇಳು ಕೆಜಿ.
ಹಣೆಯಿಂದ ಜೋತ ನೂಲಿನ ಚೀಲ, ಹನ್ನೊಂದು.
"ಏನಜ್ಜಿ ಇಷ್ಟೊಂದು?"
"ದಾರಿಗೆ ಗೆಣಸು. ಮೂರು ಹಗಲು, ಎರಡು ರಾತ್ರಿ,
ನಡುವೆ ಬಳ್ಳಿಯ ಸೇತುವೆ.
ಮದುವೆಯಾಗಿ ಈ ಕಡೆ ಬಂದಾಗ ನಡೆದದ್ದಲ್ಲವೇ ನಾನು."

ಪೈಲಟ್ ನಕ್ಕ. ನಾನೂ ನಕ್ಕೆ, ನಗಬಾರದಿತ್ತು.
ಭಾರ ಹೆಚ್ಚೆಂದು ಚೀಲ ಇಳಿಸಿದೆವು;
ಸುಟ್ಟ ಗೆಣಸೊಂದನ್ನು ಮಾತ್ರ
ಮುಷ್ಟಿಯಿಂದ ಬಿಡಲಿಲ್ಲ.

ಇಳಿಜಾರಿನ ಹುಲ್ಲು ಮುಗಿದಲ್ಲಿ ನೆಲವೂ ಮುಗಿಯಿತು.
ವಿಮಾನ ಕಣಿವೆಗೆ ಬಿದ್ದು, ಎದ್ದು,
ನೊಣದಷ್ಟಾಯಿತು.

ಆಮೇಲೆ ರೇಡಿಯೋದಲ್ಲಿ ಬಿಲಾಮಿನವನು ಹೇಳಿದ:
ತಂಗಿ ಓಡಿಬಂದು ಕೈ ಹಿಡಿದು
"ಎಷ್ಟು ದೂರ ಆಯಿತಕ್ಕಾ?" ಎಂದು ಅತ್ತಳಂತೆ.
ನಲವತ್ತು ವರ್ಷ ಆಚೆ ಗುಡ್ಡದ ಹೊಗೆ ನೋಡಿ
ಅಕ್ಕ ಇದ್ದಾಳೆಂದುಕೊಂಡವಳು.
ಅಜ್ಜಿ ಮಾತಾಡಲಿಲ್ಲವಂತೆ;
ಮುಷ್ಟಿ ಬಿಚ್ಚಿ ತೋರಿಸಿದಳಂತೆ
ತಿಂದು ಉಳಿದ ಅರ್ಧ.

ಒಂಬತ್ತು ನಿಮಿಷ ಎಂದು ಬರೆದೆ.
ಚೀಲ ಇನ್ನೂ ತಕ್ಕಡಿಯ ಪಕ್ಕದಲ್ಲಿದೆ.
ನಡೆದು ಹೋಗುವವರು ಯಾರಾದರೂ ಸಿಕ್ಕರೆ
ಕೊಟ್ಟು ಕಳಿಸಬೇಕು.