ಎರವಲು ವಹಿ

ಒಡಪಿನ ಹಬ್ಬದ ವಹಿ ನನ್ನ ಕಡೆ ಇರತೈತಿ.
ಅಕ್ಷರ ಚಲೋ ಅದಾವು ಅಂತ ಅಂದಾನಪ್ಪ ಮಾಸ್ತರು
ಕೈಯಾಗ ಇಟ್ಟು ಹೋಗಿ ಹದಿನಾಲ್ಕು ವರ್ಷ.
ರೊಕ್ಕದ ಲೆಕ್ಕ ಬ್ಯಾರೆಯವರದು, ಅದು ಸಣ್ಣದು,
ಎರಡು ಹಾಳಿಯೊಳಗ ಮುಗೀತೈತಿ.
ನಂದು ಎರವಲಿನ ಲೆಕ್ಕ.

ಹತ್ತಿ ಜಿನ್ನಿನ ಖಾಲಿ ಗೋದಾಮು, ಕೀಲಿ ಸಹಿತ.
ಮಸೂತಿ ಕಮಿಟಿಯ ದೊಡ್ಡ ಡೇಗ ಎರಡು, ಮುಚ್ಚಳ ಒಂದು.
ನದಾಫರ ದಾದಾಪೀರ ಕೊಟ್ಟ ಗಾದಿ ಒಂಬತ್ತು,
ಬಸುರಿಯರಿಗೆ, ಮಣಕಾಲ ನೋವಿನವರಿಗೆ.
ಸಾಲಿಯ ಗಂಟಿ. ಸಾಲಿಯವರಿಗೆ ಗೊತ್ತಿಲ್ಲ.
ಕುರ್ಚಿ ನೂರಾ ಹನ್ನೊಂದು, ಮನಿಮನಿಯಿಂದ,
ತಳಕ್ಕ ಸುಣ್ಣದಾಗ ಹೆಸರು ಬರದು.
ಎಲ್ಲಾ ಒಂದ ಬಣ್ಣದ್ದು,
ಜಗಳ ಮಾತ್ರ ಬ್ಯಾರೆ ಬ್ಯಾರೆ.

ಈ ಸಲ ಬ್ಯಾಡ ಅಂದಿದ್ರು ಮೂರು ಮಂದಿ.
ಕಡ್ಲಿ ರಾಶಿ ಮುಗಿದಿಲ್ಲ, ಹುಡುಗೂರಿಗೆ ಪರೀಕ್ಷೆ,
ಮೈಕಿನ ಗವಿಸಿದ್ದ ಗಜೇಂದ್ರಗಡಕ್ಕ ಮನಿ ಮಾಡ್ಯಾನ,
ಇಷ್ಟಾಗಿ ನರೇಗಲ್ಲಿಗೆ ಯಾರು ಬರತಾರ ಒಡಪು ಕೇಳಾಕ.
ಅಷ್ಟರಾಗ ಮೋದಿನಬಿ ಉಳ್ಳಾಗಡ್ಡಿ ಹೆಚ್ಚಾಕ ಕುಂತಬಿಟ್ಟಿದ್ಲು.
ಹೆಚ್ಚಿದ ಉಳ್ಳಾಗಡ್ಡಿ ಏನು ಮಾಡೂದು?
ಹಬ್ಬ ಮಾಡಿದ್ವಿ.

ಎರಡನೇ ರಾತ್ರಿ ಕರೆಂಟ ಹೋತು.
ದೂರದ ಗಾಳಿಯಂತ್ರದ ಕೆಂಪು ದೀಪ ಅಷ್ಟ
ಪಿಳಿಪಿಳಿ ಮಾಡಕೊಂತ ನಿಂತಿದ್ವು.
ನಮ್ಮೂರ ಗಾಳಿ ಒಯ್ದು ಕರೆಂಟ ಮಾಡತಾವು,
ಯಾವ ವಹ್ಯಾಗ ಬರಕೋತಾರೋ.
ಜನರೇಟರಿಗೆ ಎಣ್ಣಿ ತರಾಕ ಇರ್ಫಾನ ಓಡಿದ.
ನಾನೂರು ಮಂದಿ ಕತ್ತಲಾಗ ಕೆಮ್ಮಿಕೊಂತ ಕುಂತಾಗ
ಹಿಂದಿನ ಗ್ವಾಡಿ ಕಡೆ ಒಬ್ಬಾಕಿ ಎದ್ದ ಬಳಿ ಸಪ್ಪಳ.
ಮೈಕಿಲ್ಲ, ಬರೇ ದನಿ:

ಹತ್ತಿ ಬಿಡಿಸಿ ಉಡಿ ತುಂಬಿತ್ತು,
ನೆತ್ತಿ ಮ್ಯಾಲಿನ ಹೊತ್ತು ಇಳಿದಿತ್ತು,
ಕತ್ತಲಾಗ ಕರದ್ರೂ ಓ ಅನ್ನೂ ಹೆಸರು
ಮೌನೇಶಪ್ಪ.

ಮೌನೇಶಪ್ಪ ಅಂದ್ರ ಬಡಿಗ್ಯಾರ ಮೌನೇಶಪ್ಪ,
ಈ ಗೋದಾಮಿನ ಬಾಗಿಲಾ ಮಾಡಿದಾವ,
ತೀರಕೊಂಡು ಹನ್ನೊಂದು ವರ್ಷ.
ಒಡಪು ಮುತ್ತೈದೇರದು ಅಂತೀವಿ ನಾವು.
ಯಾರೂ ಚಪ್ಪಾಳಿ ತಟ್ಟಲಿಲ್ಲ. ಯಾರೂ ಛೀ ಅನಲಿಲ್ಲ.
ಎಲ್ಲೋ ಒಂದು ಕೂಸು
"ಓ" ಅಂತು.

ದೀಪ ಬಂದಾಗ ಹಿಂದಿನ ಗ್ವಾಡಿಗೆ
ಎಂಟು ಹತ್ತು ಮಂದಿ ಸೆರಗು ಹೊತ್ತು ಕುಂತಿದ್ರು,
ಎಲ್ಲಾರ ಮಾರಿನೂ ಒಂದ ಥರ.
ಅದನ್ನ ನಾನು ವಹ್ಯಾಗ ಬರದಿಲ್ಲ.

ಸೋಮವಾರ ಸಾಮಾನೆಲ್ಲಾ ಮನಿ ಮುಟ್ಟಿದ್ವು.
ಗಾದಿಯೊಂದಕ್ಕ ಸಾರು ಚೆಲ್ಲಿತ್ತು.
ದಾದಾಪೀರ ಮೂಸಿ ನೋಡಿ
"ಚಲೋ ಆಗಿತ್ತಲ್ಲ" ಅಂದ.

ಉಳಿದದ್ದು ಒಂದು ಸವಟು.
ಹಿತ್ತಾಳಿದು, ಉದ್ದನ್ನ ಹಿಡಿಕಿ,
ಹಿಡಿಕಿ ಮ್ಯಾಲ ಚುಕ್ಕಿ ಚುಕ್ಕಿ ಅಕ್ಷರ:
…ವ್ವಳ ಮದುವಿಗೆ, ಸೋದರಮಾವನಿಂದ, ೧೯೭೪.
ಹೆಸರು ಇದ್ದಲ್ಲಿ ಸವದು ನುಣ್ಣಗಾಗೈತಿ,
ಹೆಬ್ಬಟ್ಟು ಕೂಡೂ ಜಾಗ ಅದು.

ಊರಾಗ ಅವ್ವಗೋಳಿಗೇನು ಬರ?
ನೀಲವ್ವ, ಫಕೀರವ್ವ, ಹುಚ್ಚವ್ವ, ಹೂಗಾರ ಈರವ್ವ,
ಹದಿನೇಳು ಮನಿ ತಿರುಗಿದೆ, ಹದಿನೇಳು ಕಪ್ಪು ಚಾ.
ನಮ್ಮದಲ್ಲ ಅಂತಾರ,
ಮುಂದಿನ ಸಲ ಯಾವಾಗ ಅಂತಾರ.
ಕರಿಯವ್ವಗ ಕಣ್ಣು ಕಾಣಂಗಿಲ್ಲ, ಕೈಯಾಗ ಹಿಡದು ತೂಗಿ
"ನಂದಾಗಿದ್ರ ತೂಕ ಗುರತು ಹಿಡೀತಿದ್ದೆ" ಅಂದ್ಳು.

ಬಡಿಗ್ಯಾರ ಮನಿಗೂ ಹೋಗಿದ್ದೆ.
ಆಕಿ ಮಣಿ ಹಾಕಿದ್ಲು, ಚಾ ಕೊಟ್ಟಳು.
ಇಬ್ಬರೂ ಸವಟಿನ ಮಾತ ಆಡಿದ್ವಿ.

ವಹ್ಯಾಗ ಈ ವರ್ಷದ ಕಡೀ ಸಾಲು:
ಸವಟು ಒಂದು, ಕೊಡೂದು ಬಾಕಿ.
ತಾರೀಖಿನ ಜಾಗ ಖಾಲಿ ಬಿಟ್ಟೀನಿ.

ನಿನ್ನೆ ಬ್ಯಾಳಿ ತಿರುವಾಕ ಅದನ್ನ ತಗೊಂಡೆ.
ನಾನೊಬ್ಬಾಕಿ, ನನ್ನ ಗಡಗಿ ಸಣ್ಣದು.
ಎಷ್ಟು ಒಳಗ ಒತ್ತಿದ್ರೂ ಹಿಡಿಕಿ ಒಲಿ ದಾಟಿ
ಬಾಗಿಲ ಕಡೆ ಚಾಚಿತ್ತು.