ಮೊದಲು ಆರಲಿ

ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ
ಮೂರನೇ ಸಲ ಹಸಿರು ಬಂದು ಹೋಯಿತು.
ಮೀಟರಿನ ಕೆಂಪು ದೀಪ ಮಾತ್ರ ಹೋಗಲಿಲ್ಲ.
ತೊಡೆಯ ಪಕ್ಕ ಯಾರೋ
ಇಸ್ತ್ರಿಪೆಟ್ಟಿಗೆ ಇಟ್ಟು ಮರೆತಂತೆ.

ತಳ್ಳಿಕೊಂಡು ಬಂದೆ. ದಸ್ತಗೀರ್ ಮುಟ್ಟಲೇ ಇಲ್ಲ,
ಸ್ಟೂಲು ಎಳೆದು ಕೂತ: "ಮೊದಲು ಆರಲಿ."
ನಾನೇ ಮುಚ್ಚಳಕ್ಕೆ ಕೈ ಹಾಕಹೋದೆ.
ತೋಳು ಮಡಚಿ ತೋರಿಸಿದ,
ಮೊಣಕೈವರೆಗೆ ಕೂದಲಿಲ್ಲದ ನುಣುಪು ಚರ್ಮ.
"ಮೆಟಡೋರ್ ಸಾರ್. ಆಗ ನನಗೂ ಅವಸರ."

ಬೈ ಟೂ ಟೀ ಮುಗಿಯಿತು.
ಫ್ಯಾನಿಗೆ ನೇರ ಬ್ಯಾಟರಿ ಕೊಟ್ಟ, ತಿರುಗಿತು.
ಫ್ಯೂಸು ಸರಿ. ಪಂಪಿನಡಿ ತೇವವಿಲ್ಲ.
ಆಮೇಲೆ ಮುಚ್ಚಳ, ಬಟ್ಟೆ ಸುತ್ತಿ, ಕಾಲು ಸುತ್ತು, ನಿಂತು, ಇನ್ನು ಕಾಲು.
ಬೆರಳದ್ದಿ ಎತ್ತಿದ:
ಹಸಿರಿರಬೇಕಾದಲ್ಲಿ ಬೂದಿ.
"ಯಾವ ನೀರು ಹೊಯ್ದ್ರಿ?"

ಸುಳ್ಳು ಹೇಳಬಹುದಿತ್ತು.
"ಬೋರಿಂದು," ಅಂದೆ, "ಸಾವಿರದಿನ್ನೂರು ಅಡಿ"
ಹೆಮ್ಮೆಯೇನೋ ಎಂಬಂತೆ.

ರೇಡಿಯೇಟರ್ ಕಳಚಿ ಬಗ್ಗಿಸಿ ತಟ್ಟಿದ.
ಉದುರಿದವು ಬಿಳಿ ಚಕ್ಕೆ,
ನಮ್ಮ ಗೀಸರಿನ ಸುರುಳಿಗೆ, ನಲ್ಲಿಯ ಮೂತಿಗೆ,
ದಿನಾ ಉಜ್ಜಿದರೂ ಹಾಲಿನ ಪಾತ್ರೆಗೆ
ಅಂಟುವಂಥವೇ.

"ಗಾಡಿಗೆ ಕಲ್ಲು ಕುಡಿಸಿದ್ದೀರಿ."

ನಾವೂ ಕುಡಿಯುವುದು ಅದನ್ನೇ
ಎನ್ನಲಿಲ್ಲ.
ಇನ್ನೊಂದು ಬೈ ಟೂ ಹೇಳಿದೆ.
ಅಂಗಡಿಯ ಹುಡುಗ ಡ್ರಮ್ಮಿಗೆ ಚೊಂಬು ಅದ್ದಿದ.