ಬಾಕಿ

ಕುತೈಸಿಯ ಟಯರ್ ಅಂಗಡಿಯಲ್ಲಿ ನುಗ್ಜಾರ್
ಹಳೆಯ ಲೆಕ್ಕದ ತಂತ್ರಾಂಶ ಕಿತ್ತುಹಾಕಿದ.
'ಪೂರ್ತಿ ತೆಗೆಯಲಾಗಿದೆ' ಎಂದಿತು ಪರದೆ.
ಬಾಯಿಮಾತಿಗೇನು ಕಾಸೇ?

ಮರುದಿನ ಸರಿಯಾಗಿ ಹತ್ತಕ್ಕೆ
ಮೂಲೆಯಲ್ಲಿ ಪುಟ್ಟ ಕಿಟಕಿ:
'ಒತಾರ್, ನಿಮ್ಮ ಅಪ್‌ಡೇಟ್ ಕಾಯುತ್ತಿದೆ.'

ಒತಾರ್ ಪಾಲು ಮುರಿದು ಹೋಗಿ ಮೂರು ವರ್ಷ,
ದೊಡ್ಡ ಜ್ಯಾಕು, ಅರ್ಧ ಗಿರಾಕಿಗಳು,
ಗೋಡೆ ಗಡಿಯಾರದ ಸಮೇತ.

ಪಕ್ಕದ ಫೋನ್ ರಿಪೇರಿಯ ಎತೇರಿ ಬಂದಳು
ಸೂರ್ಯಕಾಂತಿ ಬೀಜ ಜಗಿಯುತ್ತ.
'ನೆಂಟ ಹೋಗಿದ್ದಾನೆ, ಚಪ್ಪಲಿ ಇಲ್ಲೇ ಇದೆ.'
ಬಚ್ಚಿಟ್ಟ ಫೋಲ್ಡರುಗಳ ಮುಸುಕೆಳೆದಳು,
ರಿಜಿಸ್ಟ್ರಿಗೆ ಇಳಿದಳು, ಮೊದಲು ಒಂದು ಪ್ರತಿ ತೆಗೆದಿಟ್ಟು
(ತಪ್ಪು ಬೇರು ಕಿತ್ತರೆ ಯಂತ್ರ ಮೇಲೇಳದು).
ಒಂದು ಅಳಿಸಿದರೆ ಇನ್ನೊಂದು;
ಹೇನು ಹೆಕ್ಕುವವಳ ಹಾಗೆ ಬಗ್ಗಿ
ಹೆಸರು ಹೆಸರು ಹೆಕ್ಕಿದಳು.

ತಳದಲ್ಲಿ ಉಳಿದದ್ದು ಒಂದೇ ಫೈಲು, ಹನ್ನೆರಡು ಕೆಬಿ.
ನುಗ್ಜಾರ್ ಒತಾರನಿಗೆ ಕೊಡಬೇಕಾದ್ದು:
ನಾನೂರು ಲಾರಿ.
ಲಾರಿ ಅಂದರೆ ಅಲ್ಲಿನ ದುಡ್ಡು,
ಟಯರು ಬದಲಿಸಿ ಕಳಿಸಿಬಿಡುವಂಥದ್ದಲ್ಲ.

'ಇದನ್ನೂ ಅಳಿಸಲಾ?'
ಅವಳ ಬೆರಳು ಕೀಲಿಯ ಮೇಲೆ.
ನುಗ್ಜಾರ್ ಕೈಯ ಗ್ರೀಸು ಒರೆಸಿಕೊಂಡ,
ಕೈ ಶುಭ್ರವಾದ ಮೇಲೂ
ಒರೆಸಿಕೊಳ್ಳುತ್ತಲೇ ಇದ್ದ.

ಹೊರಗೆ ಫಲಕದಲ್ಲಿ,
ಎರಡು ಕೋಟು ಬಿಳಿ ಬಣ್ಣದ ಅಡಿಯಿಂದ
ಒತಾರನ ದುಂಡು ಮೊದಲಕ್ಷರ
ಬಿಸಿಲಿಗೆ ಮತ್ತೆ ಮೂಡುತ್ತಿತ್ತು.